ಸೆಟ್ ಆಗುವ ತನಕ

ಕಟ್ಟಡದ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕಲಿತ ಇಂಗ್ಲಿಷ್ ಮಾತು ‘ಸೆಟ್’. ಹೊಸ ಚಾವಣಿಗೆ ಕಾಂಕ್ರೀಟ್ ಸುರಿದ ದಿನ ಸಂಜೆ ಮೇಸ್ತ್ರಿ ಬೆರಳಿನಿಂದ ಒತ್ತಿ ನೋಡಿ, “ಸೆಟ್ ಆಯ್ತು, ಎಲ್ಲ ಮನೆಗೆ ಹೊರಡಿ” ಅಂದಿದ್ದ. ಗಟ್ಟಿಯಾಗುವುದಕ್ಕೆ ಹಾಗನ್ನುತ್ತಾರೆ ಅಂದುಕೊಂಡೆ. ಮರುದಿನ ಬಡಗಿ ಗರಗಸದ ಹಲ್ಲುಗಳನ್ನು ಒಂದು ಆಚೆ ಒಂದು ಈಚೆ ಬಗ್ಗಿಸುತ್ತ, “ಸೆಟ್ ಮಾಡ್ತಿದೀನಿ” ಅಂದ. ನಲ್ಲಿ ಕೆಲಸದವನ ಪಾನಾಗಳೆಲ್ಲ ಸೇರಿ ಒಂದು ಸೆಟ್. ಇಬ್ಬರ ಜಗಳ ಬಿಡಿಸಿದರೆ ಸೆಟ್, ಮಗಳಿಗೆ ಗಂಡು ಗೊತ್ತಾದರೆ ಸೆಟ್, ಹೊಸಬನಿಗೂ ಹಳಬರಿಗೂ ಹೊಂದದಿದ್ದರೆ ಸೆಟ್ ಆಗಲಿಲ್ಲ. ಇಷ್ಟು ವರ್ಷದಲ್ಲಿ ಆ ಮಾತು ಎಲ್ಲೆಲ್ಲಿ ಹೊಕ್ಕಿದೆ ಎಂದು ಹೇಳಲು ಕೂತರೆ ಹೊತ್ತು ಸಾಲದು.

ಎಲ್ಲರಿಗೂ ಅದು ನೆಮ್ಮದಿಯ ಮಾತು. ಸೆಟ್ ಅಂದರೆ ಇನ್ನು ಯೋಚನೆ ಬೇಡ. ನನಗೆ ಮಾತ್ರ ಅಲ್ಲಿಂದಲೇ ಯೋಚನೆ ಶುರು. ಕಾಲಿಟ್ಟರೆ ಹೂತುಹೋಗದ ಕಾಂಕ್ರೀಟನ್ನೂ ಸೆಟ್ ಅನ್ನುತ್ತಾರೆ, ತನ್ನ ಭಾರ ತಾನೇ ಹೊರುವ ಕಾಂಕ್ರೀಟನ್ನೂ ಸೆಟ್ ಅನ್ನುತ್ತಾರೆ. ಎರಡರ ನಡುವೆ ಇಪ್ಪತ್ತು ದಿನ ಇದೆ. ಆ ಇಪ್ಪತ್ತು ದಿನವೇ ನನ್ನ ಕೆಲಸ. ಚಾವಣಿಯ ಮೇಲೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಅದು ಒಣಗದಂತೆ ಕಾಯುತ್ತೇನೆ. ಹಾಗಾಗಿ ಕೆಲಸದವರ ಬಾಯಲ್ಲಿ ನಾನು ನೀರಜ್ಜಿ.

ಇನ್ನೊಂದು ಕೆಲಸವೂ ನನ್ನದೇ. ಚಾವಣಿ ಬಲಿಯುವ ತನಕ ಅದರ ಕೆಳಗೆ ಹಲಗೆ, ಹಲಗೆಗೆ ಆಸರೆಯಾಗಿ ತಿರುಪು ಹಾಕಿ ಬಿಗಿದ ಕಬ್ಬಿಣದ ಕಂಬಗಳು ನಿಂತಿರುತ್ತವೆ. ಕಾಂಕ್ರೀಟ್ ಸುರಿದ ದಿನ, ಆ ಕೋಣೆಯ ಬಾಗಿಲ ಹತ್ತಿರದ ಕಂಬದ ಮೇಲೆ ಇಟ್ಟಿಗೆ ಚೂರಿನಿಂದ ತಾರೀಖು ಬರೆಯುವವಳು ನಾನು. ಶಾಲೆಗೆ ಹೋದದ್ದು ಒಂದೂವರೆ ವರ್ಷ. ಅಕ್ಷರ ಇವತ್ತಿಗೂ ನಿಧಾನ, ಅಂಕಿ ಮಾತ್ರ ದುಂಡಗೆ ಬರುತ್ತದೆ. ಕಾಂಕ್ರೀಟ್ ಸುರಿಯುವ ಗುಂಪು ಬೇರೆ, ಕಂಬ ಬಿಚ್ಚುವ ಗುಂಪು ಬೇರೆ. ಬಿಚ್ಚುವವರು ಒಂದೇ ಸಲಕ್ಕೆ ಮೂರು ಕಟ್ಟಡ ನೋಡಿಕೊಳ್ಳುತ್ತಾರೆ. ಅವರಿಗೆ ಯಾವ ಕೋಣೆಗೆ ಎಷ್ಟು ದಿನವಾಯಿತು ಎಂದು ಹೇಳುವುದು ಆ ಕಂಬ ಒಂದೇ. ಅದನ್ನು ಓದಿ, ಇಪ್ಪತ್ತೊಂದು ದಿನ ಆಗಿದ್ದರೆ ಸುತ್ತಿಗೆ ಎತ್ತುತ್ತಾರೆ.

ಬಿಚ್ಚುವ ಗುಂಪಿನ ಮುಂದಾಳು ನನ್ನ ಅಳಿಯ. ಅಳಿಯನಾಗುವ ಮೊದಲು ಆರು ವರ್ಷ ನನ್ನ ಜೊತೆ ಕೆಲಸ ಮಾಡಿದವನು, ಹಾಗಾಗಿ ನನ್ನ ಬಾಯಲ್ಲಿ ಏಕವಚನ ಹೋಗಲಿಲ್ಲ.

ಆವತ್ತು ಇಪ್ಪತ್ತನಾಲ್ಕನೆಯ ತಾರೀಖು. ನಾನು ರಜೆ ಹಾಕಿ ಮಗಳ ಜೊತೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮೇಲಿನ ಸಾಲಿನಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಹೊಸ ಸೆಟ್ ಕಟ್ಟಿಸಬೇಕಿತ್ತು. ಡಾಕ್ಟರಮ್ಮ ತಟ್ಟೆಯಂಥ ಅಚ್ಚಿನಲ್ಲಿ ಹಿಟ್ಟಿನಂಥದ್ದು ತುಂಬಿ ನನ್ನ ಬಾಯೊಳಗೆ ಒತ್ತಿದರು.

“ಇದು ಸೆಟ್ ಆಗೋಕೆ ಮೂರೇ ನಿಮಿಷ, ಅಜ್ಜಿ. ಮಾತಾಡಬೇಡಿ, ನುಂಗಬೇಡಿ. ಮೂಗಲ್ಲಿ ಉಸಿರಾಡಿ.”

“ಮಾತಾಡದೆ ಇರೋದಾ?” ಮಗಳು ನಕ್ಕಳು. “ಮೂರು ದಿನ ಬೇಕಾದ್ರೂ ಇರ್ತಾಳೆ, ಡಾಕ್ಟ್ರೇ. ನಮ್ಮನೇಲಿ ಗೋಡೆಗಳೇ ಇವಳಿಗಿಂತ ಜಾಸ್ತಿ ಮಾತಾಡ್ತವೆ.”

ಡಾಕ್ಟರಮ್ಮ ಅಚ್ಚು ಹಾಕಿಡಲು ಮೇಜಿನ ಮೇಲಿದ್ದ ಬಿಳಿ ಡಬ್ಬಿ ತೆಗೆದುಕೊಂಡರು. ಆ ದಿನ ನಾನು ಮೂರನೆಯವಳು. ಕೆಂಪು ಪೆನ್ಸಿಲಿನಲ್ಲಿ ಅದರ ಮೇಲೆ 3 ಎಂದು ಬರೆದರು.

ಕೆಂಪು ಮೂರು.

ಇಟ್ಟಿಗೆ ಚೂರಿನಿಂದ ನಾನು ಕಂಬದ ಮೇಲೆ ಬರೆಯುವ ಮೂರಿನ ಹಾಗೇ.

ನಮ್ಮ ಕಟ್ಟಡದಲ್ಲಿ ಮುಂದಿನ ದೊಡ್ಡ ಕೋಣೆಯ, ಅಂದರೆ ಹಾಲಿನ, ಚಾವಣಿ ಹಾಕಿದ್ದು ಮೂರನೆಯ ತಾರೀಖು. ಹಿಂದಿನ ಕೋಣೆಯದು ಹದಿನಾರು. ನಾಲ್ಕು ದಿನದ ಕೆಳಗೆ ಮರಳಿನ ತಳ್ಳುಗಾಡಿ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ಅಲ್ಲಿನ ಕಂಬಕ್ಕೆ ಗುದ್ದಿ, ಕಂಬ ಬಿಲ್ಲಿನಂತೆ ಬಾಗಿತ್ತು. ಹದಿನಾರು ಎಂದು ಬರೆದಿದ್ದು ಆ ಕಂಬದ ಮೇಲೆಯೇ. ನಾನು ರೇಡಿಯೋನನ್ನು ಕೂಗಿದೆ. ಬಾಯಿ ಮುಚ್ಚದ ಗಾರೆಯವನು ಅವನು, ಅದಕ್ಕೇ ಆ ಹೆಸರು. ಹಾಲಿಗೆ ಎರಡು ಬಾಗಿಲು, ತಾರೀಖು ಬರೆದ ಕಂಬವೂ ಎರಡು. ಅದರಲ್ಲಿ ಒಂದನ್ನು ತಂದು ಇಲ್ಲಿ ನಿಲ್ಲಿಸಿ, ಬಿಗಿ ಮಾಡಿ, ಆಮೇಲೆ ಬಾಗಿದ್ದನ್ನು ತೆಗೆದೆವು. ಹೊಸ ಕಂಬದ ಮೇಲಿನ 3 ಅಳಿಸಿ 16 ಬರೆಯಲು ಇಟ್ಟಿಗೆ ಚೂರು ಕೈಗೆ ತೆಗೆದುಕೊಂಡಿದ್ದೂ ನೆನಪಿದೆ. ಅಷ್ಟರಲ್ಲಿ ಮೇಲಿನಿಂದ ಯಾರೋ “ನೀರಜ್ಜೀ, ಪೈಪು ಕಿತ್ತೋಯ್ತು!” ಅಂದರು. ಓಡಿದೆ. ಇಟ್ಟಿಗೆ ಚೂರನ್ನು ಎಲ್ಲಿ ಬಿಸಾಕಿದೆನೋ, ತಿರುಗಿ ಆ ಕಡೆ ಹೋಗಲಿಲ್ಲ.

ಎಂಟೇ ದಿನದ ಚಾವಣಿಯ ಬಾಗಿಲಲ್ಲಿ ಇಪ್ಪತ್ತೊಂದು ದಿನದ ತಾರೀಖು ನಿಂತಿತ್ತು. ಅಳಿಯ ಇವತ್ತು ಬೆಳಿಗ್ಗೆ ಬಿಚ್ಚಲು ಹೋಗಿದ್ದ. ಸಾಲದ್ದಕ್ಕೆ ಆ ಕೋಣೆಯ ಮೇಲೆ ನಿನ್ನೆ ಒಂದು ರಾಶಿ ಇಟ್ಟಿಗೆ ಏರಿಸಿದ್ದರು. ಕೆಳಗೆ ಕಂಬಗಳಿವೆಯಲ್ಲ ಎಂದು ನಾನೂ ಬಾಯಿ ಬಿಟ್ಟಿರಲಿಲ್ಲ.

ನಾನು ಕೈ ಎತ್ತಿದೆ. “ಒಂದೂವರೆ ನಿಮಿಷ ಅಷ್ಟೇ, ಅಜ್ಜಿ” ಅಂದರು ಡಾಕ್ಟರಮ್ಮ. ಗಂಟಲಲ್ಲೇ ಏನೋ ಅಂದೆ. “ವಾಂತಿ ಬರ್ತಿದೆಯಾ?” ಅಂದಳು ಮಗಳು. ಮುಂದೆ ಕಾಯಲು ಆಗಲಿಲ್ಲ. ಎರಡು ಬೆರಳು ಹಾಕಿ ಅಚ್ಚನ್ನು ಕಿತ್ತು ತೆಗೆದೆ. ಹಿಟ್ಟು ಗದ್ದದ ಮೇಲೆ ಇಳಿಯಿತು.

“ಅಯ್ಯೋ ಅಜ್ಜಿ, ಇನ್ನೂ ಸೆಟ್ಟೇ ಆಗಿಲ್ಲ!”

“ಅದಕ್ಕೇ ಕಣಮ್ಮ” ಅಂದೆ, “ಅದೂ ಆಗಿಲ್ಲ.” ಮಗಳ ಕಡೆ ತಿರುಗಿದೆ. “ನಿನ್ನ ಗಂಡಂಗೆ ಫೋನ್ ಮಾಡು. ಹಿಂದಿನ ರೂಮಿಗೆ ಕೈ ಹಚ್ಚಬೇಡ ಅನ್ನು. ಬೇಗ.”

ಅವಳು ಮಾಡಿದಳು. ರಿಂಗ್ ಆಯಿತು, ನಿಂತಿತು. ಮತ್ತೆ ಮಾಡಿದಳು. ರೇಡಿಯೋನಿಗೂ ಮಾಡಿದಳು, ಬಿಚ್ಚುವ ದಿನ ಅವನೂ ಅಳಿಯನ ಜೊತೆ ಕೈ ಹಚ್ಚುತ್ತಾನೆ.

“ಎತ್ತಲ್ಲಮ್ಮ ಅವರು. ಚಾವಣಿ ಕೆಳಗೆ ಹೋಗೋವಾಗ ಎಲ್ಲರ ಫೋನೂ ಹೊರಗೆ ಬಕೆಟ್ಟಲ್ಲಿ ಅಂತ ನೀನೇ ತಾನೆ ಕಟ್ಟುನಿಟ್ಟು ಮಾಡಿದ್ದು? ಏನಾಯ್ತು ಹೇಳು.”

ಹೇಳಿದೆ. ಅವಳು ನನ್ನ ತೋಳು ಹಿಡಿದು ಮೆಟ್ಟಿಲು ಇಳಿಸಿದಳು.

ಆಟೋದವನು ಒಳ್ಳೆಯವನೇ, ಆದರೆ ಸಾವಧಾನದವನು. “ಅಡ್ರೆಸ್ ಹೇಳಿ, ಫೋನಲ್ಲಿ ಸೆಟ್ ಮಾಡ್ಕೋತೀನಿ” ಅಂದ.

“ಫೋನು ಒಳಗಿಡಪ್ಪ, ನಾನು ಹೇಳ್ತೀನಿ. ಎಡಕ್ಕೆ ತಗೋ.”

ಎರಡು ಸಿಗ್ನಲ್ಲುಗಳಲ್ಲಿ ನಿಂತೆವು. ಮಗಳು ಫೋನಿನಲ್ಲಿ ಒತ್ತಿದ ಗುಂಡಿಯನ್ನೇ ಒತ್ತುತ್ತಿದ್ದಳು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಂಟೂವರೆಗೆ ಕೆಲಸ ಶುರು. ಮೊದಲು ಹಾಲು, ಅಲ್ಲಿ ಹತ್ತೊಂಬತ್ತು ಕಂಬ, ಒಂದಕ್ಕೆ ಐದು ನಿಮಿಷ. ಆಮೇಲೆ ಹಿಂದಿನ ಕೋಣೆ, ಅಲ್ಲಿ ಹನ್ನೆರಡು. ನಡುವೆ ಸ್ವಲ್ಪ ಕೂತಿದ್ದರೆ ಇನ್ನೂ ಮುಟ್ಟಿರುವುದಿಲ್ಲ. ಆದರೆ ಅಳಿಯ ಕೂರುವವನಲ್ಲ. ಕೂರಬೇಡ, ಕೈ ತಣ್ಣಗಾದರೆ ಸುತ್ತಿಗೆ ಜಾರುತ್ತದೆ ಎಂದು ಅವನಿಗೆ ಹೇಳಿಕೊಟ್ಟವಳೂ ನಾನೇ. ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು.

ಕಟ್ಟಡದ ಮುಂದೆ ಇಳಿದಾಗ ಹಾಲು ಬಯಲಾಗಿತ್ತು. ಕಂಬಗಳು ಗೋಡೆಗೆ ಒರಗಿದ್ದವು. ಹಿಂದಿನಿಂದ ಠಣ್ ಎಂದು ಸುತ್ತಿಗೆಯ ಸದ್ದು ಬಂತು. ಜೊತೆಗೆ ರೇಡಿಯೋನ ಮಾತು, ಅದಕ್ಕೆ ಯಾರದೋ ನಗು.

“ಹೊಡೀಬೇಡ್ರೋ!” ಅಂದೆ. ಹಲ್ಲಿಲ್ಲದ ಬಾಯಿ, ಗದ್ದಕ್ಕೆ ಅಂಟಿದ ಹಿಟ್ಟು. ದನಿ ಎರಡು ಮಾರು ಆಚೆಗೂ ಹೋಗಲಿಲ್ಲ. ಬಾಗಿಲಲ್ಲಿ ಫೋನುಗಳ ಬಕೆಟ್ಟು ಇತ್ತು. ಎತ್ತಿಕೊಂಡು ಕಬ್ಬಿಣದ ತುಂಡಿನಿಂದ ಬಡಿದೆ. ಒಳಗೆ ಐದಾರು ಫೋನು ಗಲಗಲ ಅಂದವು.

ಸುತ್ತಿಗೆ ನಿಂತಿತು. ಅಳಿಯನ ತಲೆ ಬಾಗಿಲಲ್ಲಿ ಕಂಡಿತು. “ಏನತ್ತೆ? ಹಲ್ಲು ಕಟ್ಟಿಸ್ಕೊಂಡು ಬರ್ತೀನಿ ಅಂದವರು ಸುಣ್ಣ ಬಳ್ಕೊಂಡು ಬಂದಿದೀರಿ?”

“ಹೊರಗೆ ಬಾ. ಎಲ್ಲರೂ ಬನ್ನಿ. ಇದು ಎಂಟು ದಿನದ್ದು.”

“ಮೂರನೇ ತಾರೀಖು ಅಂತ ನೀವೇ ಬರೆದಿದೀರಲ್ಲ.”

“ಆ ಕಂಬ ಹಾಲಿಂದು. ನಾನೇ ತಂದು ನಿಲ್ಲಿಸಿದ್ದು. ಅಳಿಸೋದು ಮರೆತೆ.”

ಅವನು ಒಮ್ಮೆ ಮೇಲೆ ನೋಡಿದ. ಆಮೇಲೆ ಒಬ್ಬೊಬ್ಬರನ್ನೇ ಭುಜ ಹಿಡಿದು ಹೊರಗೆ ಕಳಿಸಿದ, ಕೊನೆಗೆ ತಾನು ಬಂದ. ಐದು ಕಂಬ ನೆಲಕ್ಕೆ ಮಲಗಿದ್ದವು. ಏಳು ನಿಂತಿದ್ದವು. ಮಲಗಿದ ಐದೂ ನಡುವಿನವು. ನಡುವೆ, ಎರಡು ಹಲಗೆಗಳ ಸಂದಿನಿಂದ, ನೀರು ತೊಟ್ಟಿಕ್ಕುತ್ತಿತ್ತು. ಅದು ನಾನು ಮೇಲೆ ನಿಲ್ಲಿಸಿದ ನೀರು. ನಿನ್ನೆ ಸಂಜೆ ಅಲ್ಲಿ ಒಂದು ಹನಿಯೂ ಇರಲಿಲ್ಲ.

“ಬಿರುಕು ಬಿಟ್ಟಿದೆ” ಅಂದೆ.

ರೇಡಿಯೋ ಬಾಗಿಲ ಹತ್ತಿರದ ಕಂಬದ ಮೇಲಿನ ಮೂರನ್ನೇ ನೋಡುತ್ತಿದ್ದ.

“ಮೇಲಿನ ಇಟ್ಟಿಗೆ ಇಳಿಸೋಣ” ಅಂದ ಒಬ್ಬ.

“ಇಳಿಸೋಕೆ ಮೇಲೆ ಹತ್ತಬೇಕು. ನಮ್ಮ ತೂಕನೂ ಸೇರುತ್ತೆ” ಅಂದ ಅಳಿಯ. “ಮೊದಲು ಕಂಬ ನಿಲ್ಲಬೇಕು. ನಾನು ಹೋಗ್ತೀನಿ. ಕಂಬ ಹಿಡಿಯೋಕೆ ಒಬ್ಬ ಸಾಕು.”

“ನಾನು ಬರ್ತೀನಿ” ಅಂದೆ. “ತಪ್ಪು ನಂದು.”

“ಅತ್ತೆ, ನೀವು ಹೊರಗಿರಿ. ನಿಮ್ಮ ಕೈಯಲ್ಲಿ ಆ ತಿರುಪು ತಿರುಗಲ್ಲ.”

“ಕಂಬ ಬದಲಾಯಿಸುವಾಗ ನಾನೂ ಇದ್ದೆ” ಅಂದ ರೇಡಿಯೋ, ನೆಲ ನೋಡುತ್ತ. “ಅಳಿಸಿದ್ರಾ ಅಂತ ಕೇಳಬೇಕಿತ್ತು. ಆವತ್ತು ಏನೋ ಮಾತಾಡ್ತಿದ್ದೆ.” ಯಾರ ಒಪ್ಪಿಗೆಗೂ ಕಾಯದೆ ಒಳಗೆ ನಡೆದ.

ಮಗಳು ಗಂಡನ ಅಂಗಿಯ ತೋಳು ಹಿಡಿದಳು. ಬೇಡ ಅನ್ನಲಿಲ್ಲ. ಅವಳು ಕಟ್ಟಡದವಳ ಮಗಳು, ಬೇರೆ ದಾರಿಯಿಲ್ಲ ಎಂದು ಗೊತ್ತಿತ್ತು. ಹಿಡಿದದ್ದನ್ನು ಬಿಟ್ಟಳು.

ನಾನು ಹೊಸ್ತಿಲ ಹೊರಗೆ ನಿಂತೆ. ಮೊದಲ ಕಂಬ ನಿಂತಿತು. ಒಬ್ಬ ಹಿಡಿದ, ಒಬ್ಬ ತಿರುಪು ತಿರುಗಿಸಿದ, ಕಂಬದ ತಲೆ ಹಲಗೆಗೆ ತಾಗಿತು. ಸುತ್ತಿಗೆಯಿಂದ ಎರಡೇ ಏಟು, ಮೆಲ್ಲಗೆ. ಎರಡನೆಯದಕ್ಕೆ ಬರುವಾಗ ಮೇಲೆ ಎಲ್ಲೋ ಕಟಕ್ ಎಂದಿತು. ಇಬ್ಬರೂ ಹಾಗೇ ನಿಂತರು. ಹನಿ ಬೀಳುವುದು ಮಾತ್ರ ಕೇಳುತ್ತಿತ್ತು. ಅಳಿಯ ಮೇಲೆ ನೋಡದೆಯೇ ಕೈ ಸನ್ನೆ ಮಾಡಿದ. ಮತ್ತೆ ತಿರುಪು ತಿರುಗಿತು.

ಮೂರು. ನಾಲ್ಕು. ನಾಲ್ಕನೆಯದು ಗಿಡ್ಡವಾಗಿತ್ತು, ಕೆಳಗೆ ಮರದ ತುಂಡು ಬೇಕಾಯಿತು. ನಾನೇ ಹುಡುಕಿ ಹೊಸ್ತಿಲ ಮೇಲಿನಿಂದ ಜಾರಿಸಿದೆ. ಐದನೆಯದನ್ನು ನಡುವೆಯೇ ನಿಲ್ಲಿಸಬೇಕಿತ್ತು. ಹನಿ ಅಳಿಯನ ಕತ್ತಿನ ಮೇಲೆ ಬೀಳುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಬಿಗಿಯಾಯಿತು. ಎರಡು ಏಟು. ಆಮೇಲೆ ಹನ್ನೆರಡೂ ಕಂಬಗಳನ್ನು ಒಂದೊಂದಾಗಿ ಕೈಯಿಂದ ಅಲ್ಲಾಡಿಸಿ ನೋಡಿದ. ಅಷ್ಟು ಹೊತ್ತು ಬೇಕಿತ್ತೇ ಎಂದು ಚೀರಬೇಕು ಅನ್ನಿಸಿತು.

ಹೊರಗೆ ಬಂದವನು ಹೆಂಡತಿಯ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತ.

“ಇಪ್ಪತ್ತು ವರ್ಷದಲ್ಲಿ ನಿಮ್ಮ ಅಂಕಿನ ಒಂದು ಸಲವೂ ತಿರುಗಿ ಕೇಳಿಲ್ಲ, ಅತ್ತೆ” ಅಂದ ಕೊನೆಗೆ.

“ಇನ್ನು ಮೇಲೆ ಕೇಳು” ಅಂದೆ. “ಪ್ರತಿ ಸಲ ಕೇಳು. ನನಗೆ ಬೇಜಾರಿಲ್ಲ.”

ಅವನು ತಲೆಯಾಡಿಸಿದ. ಎದ್ದು, ಇಬ್ಬಿಬ್ಬರಾಗಿ ಮೇಲೆ ಹತ್ತಲು ಹೇಳಿದ. ಮೆಟ್ಟಿಲುದ್ದಕ್ಕೂ ಸಾಲು ನಿಂತು ಇಟ್ಟಿಗೆ ಇಳಿಸಿದೆವು. ಮಗಳು ನನ್ನ ಮೇಲಿನ ಮೆಟ್ಟಿಲಲ್ಲಿ, ರೇಡಿಯೋ ಕೆಳಗಿನ ಮೆಟ್ಟಿಲಲ್ಲಿ. ನನ್ನ ಕೈಗೆ ಬಂದ ಪ್ರತಿ ಇಟ್ಟಿಗೆಯನ್ನೂ ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಮುಂದಕ್ಕೆ ಕೊಟ್ಟೆ. ಅರ್ಧ ರಾಶಿ ಇಳಿದ ಮೇಲೆ ಒಮ್ಮೆ ಇಳಿದು ಹೋಗಿ ಹಿಂದಿನ ಕೋಣೆಯ ಬಾಗಿಲಿನಿಂದ ಬಗ್ಗಿ ನೋಡಿದೆ. ಹನಿ ಬೀಳುತ್ತಿತ್ತು, ಮೊದಲಿನಷ್ಟು ಬೇಗ ಬೇಗ ಅಲ್ಲ.