ಮಾತ್ರೆಯೋ, ಆಪರೇಶನೋ

ಕುಲಶೇಖರದ ಡ್ರಿಲ್ ಮಾಸ್ಟರ್ ರುಡೊಲ್ಫನಿಗೆ ಓಡಿದರೆ ಎದೆ ಹಿಡಿಯುತ್ತಿತ್ತು, ನಿಂತರೆ ಬಿಡುತ್ತಿತ್ತು. ಅವನೋ ನೆಹರೂ ಮೈದಾನದ ಫುಟ್ಬಾಲ್ ರೆಫರಿ, ನಿಲ್ಲುವ ಆಸಾಮಿಯಲ್ಲ. ಮದ್ರಾಸಿಗೆ ಹೋಗಿ ಹೃದಯದ ನಾಳಗಳ ಪರೀಕ್ಷೆ ಮಾಡಿಸಿಕೊಂಡು ಬಂದ ಮೇಲೆ, ಕೊಡಿಯಾಲ್‌ಬೈಲಿನ ಡಾಕ್ಟರ್ ಚಿತ್ತರಂಜನರು ಗಂಡಹೆಂಡತಿಯನ್ನು ಎದುರು ಕೂರಿಸಿಕೊಂಡರು.

“ಎರಡು ನಾಳಗಳಲ್ಲಿ ತಡೆ ಉಂಟು. ಮುಖ್ಯ ನಾಳ ಸರಿ ಉಂಟು, ಹೃದಯಕ್ಕೆ ಬಲವೂ ಉಂಟು. ಇಂಥವರು ಮಾತ್ರೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ವರ್ಷ ಬದುಕ್ತಾರೆ, ಆಪರೇಶನ್ ಆದರೂ ಅಷ್ಟೇ. ನೋವು ಹೋಗುವುದು ಆಪರೇಶನ್‌ನಲ್ಲಿ ಹೆಚ್ಚು. ಆದರೆ ಎದೆ ತೆರೆಯುವುದಲ್ವಾ, ಅಪಾಯ ಇಲ್ಲ ಅಂತ ಹೇಳ್ಲಿಕ್ಕೆ ಆಗುವುದಿಲ್ಲ.”

“ಮಾತ್ರೆ ಸಾಕು,” ಎಂದಳು ಮಟಿಲ್ಡಾ, ಗಂಡ ಬಾಯಿ ತೆರೆಯುವ ಮೊದಲೇ. ಅವಳ ಅಣ್ಣ ಅಲೆಕ್ಸ್ ಹೃದಯದ ಆಪರೇಶನ್ನಿಗೆಂದು ನಗುನಗುತ್ತಾ ಒಳಗೆ ಹೋದವನು ಮತ್ತೆ ಕಣ್ಣು ಬಿಟ್ಟಿರಲಿಲ್ಲ.

ಮಾತ್ರೆಗಳಿಂದ ನೋವು ತಗ್ಗಿತು, ಹೋಗಲಿಲ್ಲ. ರುಡೊಲ್ಫ್ ಬಾವಿಯ ನೀರು ಸೇದಲು ಹೆದರಿದ, ಮೆಟ್ಟಿಲೆದುರು ನಿಂತು ಯೋಚಿಸತೊಡಗಿದ. ಮಳೆಗಾಲ ಕಳೆದು ಶಾಲಾ ತಂಡಗಳ ಪಂದ್ಯವೊಂದಕ್ಕೆ ಕರೆ ಬಂದಾಗಲೇ ಅವನ ಮುಖ ಅರಳಿದ್ದು. “ನಡೆದುಕೊಂಡೇ ಆಡಿಸ್ತೇನೆ,” ಎಂದು ಹೆಂಡತಿಯನ್ನು ಒಪ್ಪಿಸಿದ. ಮಟಿಲ್ಡಾ ಜೊತೆಗೇ ಹೊರಟಳು.

ಆಟ ಕಾವೇರುವವರೆಗೆ ನಡೆದ. ಚೆಂಡು ಒಮ್ಮೆಲೇ ಆಚೆ ಗೋಲಿನತ್ತ ಹಾರಿತು, ರುಡೊಲ್ಫ್ ಓಡಿಯೇಬಿಟ್ಟ. ಅರ್ಧದಲ್ಲಿ ನಿಂತ. ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಕೈ ಜೇಬು ತಡಕುತ್ತಿತ್ತು. ಮಟಿಲ್ಡಾ ಸೀರೆ ಎತ್ತಿಕೊಂಡು ಮೈದಾನಕ್ಕೆ ನುಗ್ಗಿದಳು, ಮಾತ್ರೆ ತೆಗೆದು ಅವನ ನಾಲಗೆಯಡಿ ಇಟ್ಟಳು. ಬೆವೆತ ಆ ಮುಖಕ್ಕೆ ಕಳೆ ಮರಳುವವರೆಗೆ ಅವನ ತೋಳು ಬಿಡಲಿಲ್ಲ.

ಮನೆಗೆ ಹೊರಟ ರಿಕ್ಷಾದಲ್ಲಿ ಅವನೆಂದ: “ಇನ್ನು ಎಲ್ಲಿಗೂ ಹೋಗುವುದಿಲ್ಲ. ನೀನು ಹೇಳಿದ ಹಾಗೆ ಮಾತ್ರೆ ತಿಂದುಕೊಂಡು ಮನೆಯಲ್ಲೇ ಕೂತಿರ್ತೇನೆ.”

ಆ ತಣ್ಣನೆಯ ದನಿ ಕೇಳಿ ಮಟಿಲ್ಡಾಳಿಗೆ, ಅಣ್ಣನ ಸಾವಿಗೆ ಹೆದರಿ ಗಂಡನ ಕಾಲು ಕಟ್ಟಿಹಾಕಿದೆನಲ್ಲ ಅನಿಸಿತು. “ಕೊಡಿಯಾಲ್‌ಬೈಲಿಗೆ ತಿರುಗಿಸಿ,” ಎಂದಳು ರಿಕ್ಷಾದವನಿಗೆ.

“ಎಂತಕ್ಕೆ?”

“ಡಾಕ್ಟ್ರಿಗೆ ಹೇಳ್ಲಿಕ್ಕೆ. ಆಪರೇಶನ್ ಮಾಡಿಸುವ.”

“ನಿನ್ನ ಹೆದರಿಕೆ ಹೋಯಿತಾ?”

“ಎಲ್ಲಿ ಹೋಗ್ತದೆ? ಉಂಟು. ನಿಮಗೆ ಬೇಕಾ ಬೇಡವಾ, ಅದು ಹೇಳಿ.”

“ಬೇಕು,” ಎಂದ.

ಮದ್ರಾಸಿನಲ್ಲಿ ಅವನನ್ನು ಒಳಗೆ ಒಯ್ದ ಮೇಲೆ ಮಟಿಲ್ಡಾ ಜಪಸರ ಹಿಡಿದು ಬಾಗಿಲೆದುರು ಕೂತಳು. ಪ್ರಾರ್ಥನೆ ಎಲ್ಲೆಲ್ಲೋ ತಪ್ಪಿಹೋಗುತ್ತಿತ್ತು. ಕೊನೆಗೆ ಸರ್ಜನ್ ಹೊರಗೆ ಬಂದಾಗ ಮುಖ ನೋಡಲು ಧೈರ್ಯ ಸಾಲದೆ ಅವರ ಚಪ್ಪಲಿಯನ್ನೇ ನೋಡಿದಳು. ಗಂಡ ಬದುಕಿದ್ದಾನೆ ಎಂಬುದನ್ನು ಅವಳು ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಎದೆನೋವು ಹೋಯಿತು. ಹೃದಯಕ್ಕೆ ಜೋಡಿಸಲು ರಕ್ತನಾಳ ತೆಗೆದ ಕಾಲು ಮಾತ್ರ ತಿಂಗಳುಗಟ್ಟಲೆ ಬಾತುಕೊಂಡಿತ್ತು. ಅದಕ್ಕೆ ಅವನ ಗೊಣಗಾಟವೋ ಗೊಣಗಾಟ. ಮುಂದಿನ ಬೇಸಿಗೆಯ ಒಂದು ಆದಿತ್ಯವಾರ, ಪೂಜೆಗೆಂದು ಇಗರ್ಜಿಯ ಏರು ಹತ್ತುವಾಗ, ಉಸಿರು ಸಿಕ್ಕದೆ ನಿಂತವಳು ಮಟಿಲ್ಡಾ.

“ಸ್ವಲ್ಪ ನಿಲ್ಲಿ ಮಾರಾಯ್ರೇ!” ಎಂದು ಕೂಗಿದಳು.

ಅವನು ಅಷ್ಟರಲ್ಲಿ ತಿರುವು ದಾಟಿದ್ದ.