ದ್ಯಾವಮ್ಮನ ಬೆರಳು

ತೊಣ್ಣೂರಿನ ಕೆಂಪಣ್ಣನಿಗೆ ಹಿತ್ತಲಲ್ಲಿ ಒಂದು ಕಳೆ ಕಂಡರೂ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ಅರವತ್ಮೂರನೇ ಇಸವಿಯ ಮುಂಗಾರಿನಲ್ಲಿ ತನ್ನ ಹಿತ್ತಲಿನ ತುಂಬೆ, ಉತ್ತರಾಣಿಗಳನ್ನೆಲ್ಲ ಕೆತ್ತಿ ಹಾಕಿದ್ದು ಸಾಲದೆಂದು ಪಕ್ಕದ ಮನೆ ದ್ಯಾವಮ್ಮನ ಹಿತ್ತಲನ್ನೂ ನುಣ್ಣಗೆ ಮಾಡಿಕೊಟ್ಟ. ಪುಣ್ಯಾತ್ಮ, ಕೈಯ ಹಾಗೆ ಬಾಯಿಯೂ ಉಪಕಾರಿಯಾಗಿದ್ದರೆ ಚೆನ್ನಿತ್ತು.

ಶ್ರಾವಣದಲ್ಲಿ ಅವನ ಹೆಂಡತಿ ಅಣ್ಣಮ್ಮನ ಕುಂಬಳದ ಬಳ್ಳಿಯಲ್ಲಿ ಹೀಚು ಕಾಣಿಸಿತು. ಬೇಲಿಯಾಚೆಯಿಂದ ದ್ಯಾವಮ್ಮ ಬೆರಳು ಮಾಡಿ, "ಅಕ್ಕಾ, ಅಗೋ ಅಲ್ಲೊಂದು, ಇಲ್ಲೊಂದು!" ಎಂದು ಹಿಗ್ಗಿದಳು. ಹೀಚಿಗೆ ಬೆರಳು ತೋರಿಸಿದರೆ ನಿಲ್ಲುವುದಿಲ್ಲ ಅನ್ನುವುದು ಊರಿನ ನಂಬಿಕೆ. ಮೂರೇ ದಿನಕ್ಕೆ ಎಲ್ಲವೂ ಹಳದಿಯಾಗಿ ಉದುರಿದವು.

"ಆ ಬೆರಳಿಗಿಷ್ಟು ಬೆಂಕಿ ಬೀಳ!" ಎಂದು ಕೆಂಪಣ್ಣ ಬೇಲಿಯಾಚೆಗೆ ಕೇಳುವಂತೆಯೇ ಬೈದ. ಅಣ್ಣಮ್ಮ ಪಕ್ಕದಲ್ಲೇ ಇದ್ದಳು, ತುಟಿ ಬಿಚ್ಚಲಿಲ್ಲ. ಅಂದಿನಿಂದ ದ್ಯಾವಮ್ಮ ಇತ್ತ ತಲೆಹಾಕಲಿಲ್ಲ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಹನ್ನೆರಡು ವರ್ಷದಲ್ಲಿ ಸಾರಿನ ಬಟ್ಟಲು ಬೇಲಿ ದಾಟದ ದಿನವಿರಲಿಲ್ಲ. ಈಗ ಅಣ್ಣಮ್ಮ ತುಂಬಿದ ಬಟ್ಟಲನ್ನು ಬೇಲಿಯವರೆಗೆ ಒಯ್ದು ಹಾಗೇ ಮರಳಿ ತರುತ್ತಿದ್ದಳು.

ಒಂದು ಬೆಳಗ್ಗೆ ಹುಲ್ಲಿಗೆಂದು ಕೆರೆ ಏರಿಗೆ ಹೋದಳು. ಅಲ್ಲಿ ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳವೊಂದಿತ್ತು. ದಾರಿಹೋಕರೆಲ್ಲ ಬೆರಳು ಮಾಡಿ ಎಣಿಸುತ್ತಿದ್ದರೂ ಅದರ ಕಾಯಿಗಳು ಕೊಡದಷ್ಟು ದಪ್ಪ! ಸುತ್ತ ತುಂಬೆ ಬೆಳ್ಳಗೆ ಅರಳಿತ್ತು. ಜೇನುಹುಳುಗಳು ತುಂಬೆಯಿಂದ ಕುಂಬಳಕ್ಕೆ, ಗಂಡು ಹೂವಿನಿಂದ ಹೆಣ್ಣು ಹೂವಿಗೆ, ಮೈಗೆಲ್ಲ ಅರಿಸಿನ ಬಳಿದುಕೊಂಡು ಗುಂಯ್ಗುಡುತ್ತ ಓಡಾಡುತ್ತಿದ್ದವು. ತುಂಬೆ ಕೆತ್ತಿದ ಮೇಲೆ ತನ್ನ ಹಿತ್ತಲಲ್ಲಿ ಈ ಸದ್ದೇ ಇಲ್ಲವೆಂದು ಅವಳಿಗೆ ಆಗ ಹೊಳೆಯಿತು.

ಬೇರು ಸಮೇತ ಒಂದು ಕುಕ್ಕೆ ತುಂಬೆ ತಂದು ಬೇಲಿಯುದ್ದಕ್ಕೂ ನೆಟ್ಟಳು. ಕೆಂಪಣ್ಣ ಗುದ್ದಲಿ ಹಿಡಿದು ಬಂದ. ಅಣ್ಣಮ್ಮ ಅಡ್ಡ ನಿಂತಳು.

"ಮುಟ್ಟುದ್ರೆ ನೋಡು! ಈಚು ಉದ್ರುಸಿದ್ದು ದ್ಯಾವಮ್ಮನ ಬೆರಳಲ್ಲ, ನಿನ್ ಗುದ್ಲಿ!"

ಹದಿನೈದು ದಿನದಲ್ಲಿ ಜೇನು ಬಂತು, ಹೀಚು ನಿಂತು ಮುಷ್ಟಿಗಾತ್ರವಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಕೆಂಪಣ್ಣ ತಾನೇ ಪಕ್ಕದ ಮನೆ ಬಾಗಿಲಿಗೆ ಹೋದ. "ತಪ್ಪಾಯ್ತು ಕಣವ್ವ, ಬಾ" ಎಂದ.

ದ್ಯಾವಮ್ಮ ಬಂದಳು. ಬಳ್ಳಿಯ ಮುಂದೆ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತಳು. ಅಣ್ಣಮ್ಮ ಹತ್ತಿರ ಬಂದಳು.

"ಅವ್ರಂದುದ್ದು ಮನಸ್ಗಾಕಬ್ಯಾಡ ಕಣೆ."

"ಅಣ್ಣ ಅಂದುದ್ದು ನಂಗೆ ನೋಯ್ನಿಲ್ಲ ಕಣಕ್ಕ. ನೀನು ಪಕ್ದಲ್ಲೇ ನಿಂತ್ಕಂಡು ಸುಮ್ಕಿದ್ಯಲ್ಲ."

ಅಣ್ಣಮ್ಮ ಅವಳ ಸೆರಗಿನೊಳಗಿಂದ ಆ ಕೈಗಳನ್ನು ಎಳೆದು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಸುಮ್ಕಿರಕ್ಕ," ಎಂದಳು ದ್ಯಾವಮ್ಮ. ಅವಳ ಕಣ್ಣೂ ತುಂಬಿತ್ತು. "ಇಂಗತ್ರೆ ಜೇನೆಲ್ಲ ಎದ್ದೋಯ್ತವೆ."