ಹುಲಿಗೆಮ್ಮ ಎತ್ತಿದ ಭಾರ

ನಾನು ಒಂದು ಭಾರ. ಜಿಮ್‌ಗಳಲ್ಲಿ ಹೊಳೆಯುವ ಕಬ್ಬಿಣದ ಬಾರ್‌ಬೆಲ್‌ಗಳು ನನ್ನ ದೂರದ ನೆಂಟರು, ಆದರೆ ಅವರು ನನ್ನನ್ನು ಗುರುತಿಸುವುದು ಅನುಮಾನ. ಕೊಪ್ಪಳದ ಅಂಚಿನ ಓಣಿಯೊಂದರಲ್ಲಿ, ಗೌಂಡಿ ದುರಗಪ್ಪನ ಮನೆಯಂಗಳದಲ್ಲಿ, ಒಂದು ಭಾನುವಾರ ಬೆಳಿಗ್ಗೆ ನಾನು ಹುಟ್ಟಿದೆ. ಎರಡು ಖಾಲಿ ಬಣ್ಣದ ಡಬ್ಬಿ, ಒಂದು ಹಳೆಯ ನೀರಿನ ಪೈಪು, ಕೆಲಸದಲ್ಲಿ ಉಳಿದ ಸಿಮೆಂಟು, ಉಸುಕು, ಖಡಿ. ಇಷ್ಟೇ ನನ್ನ ಮೈ.

ದುರಗಪ್ಪ ಒಂದು ಡಬ್ಬಿಗೆ ಕಲಸಿದ ಸಿಮೆಂಟು ತುಂಬಿ, ನಡುವೆ ಪೈಪು ನಿಲ್ಲಿಸಿ, ಅದು ವಾಲದಂತೆ ಬೇವಿನ ಗಿಡಕ್ಕೆ ಹಗ್ಗದಿಂದ ಕಟ್ಟಿದ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡಿನ ದಾರ ಇಳಿಬಿಟ್ಟು ನನ್ನನ್ನೂ ಪರೀಕ್ಷಿಸಿದ. ಅವನ ಹೆಂಡತಿ ಯಂಕವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ ಮಾಡಾಕತ್ತೀರಿ?"

"ಡಾಕ್ಟರಮ್ಮ ಭಾರ ಎತ್ತಸ್ರಿ ಅಂದಾಳಲ್ಲ. ಭಾರ ಮಾಡಾಕತ್ತೀನಿ."

ಮರುದಿನ ನನ್ನನ್ನು ಬುಡಮೇಲು ಮಾಡಿ ಇನ್ನೊಂದು ತುದಿಗೂ ಸಿಮೆಂಟು ತುಂಬಿದ. ಆಮೇಲೆ ಹಸಿ ಗೋಣಿಚೀಲ ಹೊದಿಸಿ ವಾರವಿಡೀ ನೀರು ಹಾಕಿದ. ಆ ವಾರ ನನಗೆ ಮಲಗಿರುವುದೊಂದೇ ಕೆಲಸ. ಯಂಕವ್ವ ಎದುರು ಮನೆಯ ಫರ್ಜಾನಾಳ ಮುಂದೆ ಹೇಳಿಕೊಳ್ಳುತ್ತಿದ್ದ ಮಾತುಗಳಿಂದ ನಾನು ಯಾಕೆ ಹುಟ್ಟಿದೆನೆಂಬುದು ನನಗೆ ತಿಳಿಯಿತು.

ಅವರ ಒಬ್ಬಳೇ ಮಗಳು ಹುಲಿಗೆಮ್ಮ. ಹದಿನೇಳು ವರ್ಷ. ಸಾವಿರದ ಐನೂರು ಮೀಟರ್ ಓಟದಲ್ಲಿ ಜಿಲ್ಲೆಗೇ ಮೊದಲಿಗಳು. ಹಿಂದಿನ ವರ್ಷ ಅವಳ ತರಬೇತುದಾರ ಮೇಟಿ ಸರ್, "ಎರಡ್ ಕಿಲೋ ಇಳಿಸಿದ್ರ ಐದ್ ಸೆಕೆಂಡ್ ಇಳೀತಾವು ನೋಡು" ಎಂದಿದ್ದರು. ಅವಳು ಇಳಿಸಿದಳು. ಐದು ಸೆಕೆಂಡು ಇಳಿದೇ ಇಳಿದವು. ಅಲ್ಲಿಗೆ ನಿಲ್ಲಿಸಬೇಕಿತ್ತು, ಅವಳು ನಿಲ್ಲಿಸಲಿಲ್ಲ. ಮೂರು ರೊಟ್ಟಿ ಒಂದಾಯಿತು. ಅನ್ನ ಬಿಟ್ಟಳು, ಶೇಂಗಾ ಚಟ್ನಿ ಬಿಟ್ಟಳು. ಯಂಕವ್ವ ನಸುಕಿನಲ್ಲೇ ಎದ್ದು ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಊರಿಗೆಲ್ಲ ರೊಟ್ಟಿ ಬಡಿಯುವವಳಿಗೆ ಮನೆಯ ಬುಟ್ಟಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಪುರಸೊತ್ತು ಇರಲಿಲ್ಲ.

ಮೊಣಕಾಲಿನ ಕೆಳಗೆ ನೋವು ಶುರುವಾಯಿತು. ಹುಲಿಗೆಮ್ಮ ಕಾಲಿಗೆ ಬಟ್ಟೆ ಬಿಗಿದುಕೊಂಡು ಓಡಿದಳು. ವಿಭಾಗ ಮಟ್ಟದ ಓಟದಲ್ಲಿ ಎರಡನೆಯ ಸುತ್ತಿಗೇ ಕುಸಿದು ಬಿದ್ದಳು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಡಾಕ್ಟರ್ ನಸ್ರೀನ್ ಎಕ್ಸ್‌ರೇ ಚಿತ್ರ ಪಕ್ಕಕ್ಕಿಟ್ಟು, "ಮುಟ್ಟಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು. ಹುಡುಗಿ ನೆಲ ನೋಡಿದಳು. ಎಂಟು ತಿಂಗಳಾಗಿತ್ತು. ಓಟಗಾರ್ತಿಗೆ ಅದು ಒಳ್ಳೆಯದೇ ಎಂದುಕೊಂಡು ಅವಳು ಯಾರಿಗೂ ಹೇಳಿರಲಿಲ್ಲ.

ಡಾಕ್ಟರು ಬೇರೆ ಕಾಯಿಲೆ ಏನಾದರೂ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಹೇಳಿದರು: "ಇವಳು ಓಡುವಷ್ಟು ಉಣ್ಣುತ್ತಿಲ್ಲ. ಅದಕ್ಕೇ ಮುಟ್ಟು ನಿಂತಿದೆ, ಅದಕ್ಕೇ ಎಲುಬು ಸೋತಿದೆ. ಈಗ ನಲವತ್ತೊಂದು ಕಿಲೋ ಇದ್ದಾಳೆ. ಇನ್ನು ಐದಾರು ಕಿಲೋ ಬರಬೇಕು, ನಿಧಾನವಾಗಿ. ಬರೀ ಬೇಕರಿ ತಿಂಡಿ ತಿಂದು ಬರುವ ತೂಕ ಬೇಡ, ಪ್ರೋಟೀನ್ ಪುಡಿಗಿಡಿಯೂ ಬೇಡ. ಮೈಯಲ್ಲಿ ಶಕ್ತಿ ಕೂಡಬೇಕು. ಚೆನ್ನಾಗಿ ಉಣ್ಣಲಿ, ಕಾಲು ವಾಸಿಯಾದ ಮೇಲೆ ಭಾರ ಎತ್ತಲಿ."

"ತಾಯಿ ಆಗಿ ನಂಗ ಗೊತ್ತಾಗ್ಲಿಲ್ಲ ನೋಡು" ಎಂದು ಯಂಕವ್ವ ಫರ್ಜಾನಾಳ ಮುಂದೆ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

ಅವಳು ಖಾನಾವಳಿಗೆ ಒಂದು ತಾಸು ತಡವಾಗಿ ಹೋಗತೊಡಗಿದಳು. ಮುಂಜಾನೆ ಮಗಳಿಗೆ ಎರಡು ತತ್ತಿ, ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಮೊಸರು. ಹನ್ನೊಂದಕ್ಕೆ ಬಾಳೆಹಣ್ಣು ಮತ್ತು ನೆನೆಸಿದ ಶೇಂಗಾ. ಮಧ್ಯಾಹ್ನ ಅನ್ನ, ಬೇಳೆ. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾದಂತೆ ಕಂಡಿತು.

ನನಗೆ ಮಾತ್ರ ನಿಜ ಗೊತ್ತಿತ್ತು. ಹುಲಿಗೆಮ್ಮ ತಾಟು ಹಿಡಿದು ಅಂಗಳಕ್ಕೆ ಬಂದು ಕೂರುತ್ತಿದ್ದಳು, ಅರ್ಧ ಉಂಡು, ಉಳಿದದ್ದನ್ನು ನನಗೆ ಹೊದಿಸಿದ್ದ ಗೋಣಿಚೀಲದ ಕೆಳಗೆ ತುರುಕುತ್ತಿದ್ದಳು. ಸಂಜೆ ಓಣಿಯ ನಾಯಿಗೆ ಅದನ್ನು ಹಾಕುತ್ತಿದ್ದಳು. ನನಗೆ ಬಾಯಿ ಇದ್ದಿದ್ದರೆ ಹೇಳಿಬಿಡುತ್ತಿದ್ದೆ.

ಐದನೆಯ ದಿನ ನೀರು ಹಾಕಲು ಬಂದ ದುರಗಪ್ಪ ಚೀಲ ಎತ್ತಿದ. ಎರಡು ರೊಟ್ಟಿ, ಸಿಪ್ಪೆ ಬಿಡಿಸದ ಒಂದು ತತ್ತಿ. ಮಗಳು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಅವನು ಬೈಯಲಿಲ್ಲ. ಕೊಡ ಕೆಳಗಿಟ್ಟು ನನ್ನ ಪಕ್ಕದಲ್ಲೇ ಕೂತ.

"ಬಾ ಇಲ್ಲೆ."

ಅವಳು ಕುಂಟುತ್ತ ಬಂದಳು.

"ದಪ್ಪ ಆದ್ರ ಓಡಾಕ ಆಗೂದಿಲ್ಲಪ್ಪಾ."

"ಮುರಿದ್ರ ಓಡಾಕ ಆಕ್ಕೈತೇನು?"

ದುರಗಪ್ಪ ನನ್ನ ಮೇಲೆ ಕೈಯಿಟ್ಟ. ಆ ಕೈ ಸಿಮೆಂಟಿನಿಂದ ಒಡೆದು ನನ್ನಷ್ಟೇ ಒರಟಾಗಿತ್ತು.

"ಇದಕ ಏಳ್ ದಿನಾ ನೀರ್ ಹಾಕ್ಲಿಲ್ಲಂದ್ರ ಮ್ಯಾಲ ಗಟ್ಟಿ ಕಾಣ್ತೈತಿ. ಎತ್ತಿದ ದಿನಾ ಒಡೀತೈತಿ. ಮೂವತ್ತ್ ವರ್ಷದಾಗ ನಂಗ ಗೊತ್ತಿರೂದು ಇದೊಂದ ಮಾತು. ನೀ ಓಡಬ್ಯಾಡ ಅಂತ ನಾ ಅನ್ನೂದಿಲ್ಲ. ನೀ ಬಿದ್ದಿ ಅಂತ ಫೋನ್ ಬಂದಾಗ ನಾ ಎರಡನೇ ಮಾಳಿಗಿ ಮ್ಯಾಲಿದ್ನಿ. ಕೆಳಗ ಹ್ಯಾಂಗ್ ಇಳದ್ನಿ, ಇವತ್ತಿಗೂ ನೆಪ್ಪಿಲ್ಲ."

ಅವನು ತತ್ತಿಯ ಸಿಪ್ಪೆ ಸುಲಿದು, ಎರಡು ಭಾಗ ಮಾಡಿ, ಅರ್ಧ ತಾನು ತಿಂದು ಅರ್ಧ ಅವಳ ಕೈಗಿಟ್ಟ. ಅವಳು ಅಳುತ್ತಲೇ ತಿಂದಳು. ಆಮೇಲೆ ನನ್ನ ಚೀಲದ ಕೆಳಗೆ ಒಂದೆರಡು ಸಲ ರೊಟ್ಟಿ ಬಂದದ್ದುಂಟು, ಸುಳ್ಳು ಹೇಳಬಾರದು. ಆದರೆ ಬರುವುದು ನಿಂತಿತು.

ಬಿರುಕು ಕೂಡುವ ತನಕ ಅವಳು ಕುರ್ಚಿಯಲ್ಲಿ ಕೂತು ಕೈಗೊಂದು ಇಟ್ಟಿಗೆ ಹಿಡಿದು ಎತ್ತಿದಳು. ಡಾಕ್ಟರು ಒಪ್ಪಿದ ಮೇಲೆ ನನ್ನ ಸರದಿ ಬಂತು. ಮೊದಲ ದಿನ ನಾನು ನೆಲ ಬಿಟ್ಟು ಒಂದು ಗೇಣೂ ಏಳಲಿಲ್ಲ. ನನಗೇ ನಾಚಿಕೆಯಾಯಿತು, ಇಷ್ಟು ಭಾರ ಇರಬಾರದಿತ್ತು ಅನ್ನಿಸಿತು.

ಆ ವಾರವೇ ಮೇಟಿ ಸರ್ ಬಂದರು. ಯಂಕವ್ವ ಕುರ್ಚಿ ಕೊಡಲಿಲ್ಲ, ನೀರು ಬೇಕೆ ಎಂದೂ ಕೇಳಲಿಲ್ಲ. ಅವರು ನಿಂತೇ ಮಾತಾಡಿದರು.

"ಯಂಕವ್ವ, ಎರಡ್ ಕಿಲೋ ಇಳಸು ಅಂದಾಂವ ನಾನ. ಏನ್ ಉಣ್ತಿ, ಎಷ್ಟ್ ಉಣ್ತಿ ಅಂತ ಒಂದಿನಾ ಕೇಳಲಿಲ್ಲ. ಸೆಕೆಂಡ್ ಇಳದ್ವು, ಖುಷಿಯಾತು, ಸುಮ್ಮನಾದೆ. ತಪ್ಪು ನಂದು."

ಯಂಕವ್ವ ಒಳಗೆ ಹೋಗಿ ಕುರ್ಚಿ ತಂದಳು. ಮೇಟಿ ಸರ್ ಅದರಲ್ಲಿ ಕೂರದೆ ನನ್ನ ಮುಂದೆ ಬಗ್ಗಿದರು. ಬೆನ್ನು ಬಾಗಿಸದೆ, ಸೊಂಟ ಹಿಂದಕ್ಕೆ ಸರಿಸಿ, ಹಿಮ್ಮಡಿ ಊರಿ ಎತ್ತುವುದು ಹೇಗೆಂದು ತೋರಿಸಿದರು. ವಾರಕ್ಕೆ ಮೂರೇ ದಿನ ಸಾಕು, ನಡುವಿನ ದಿನ ವಿಶ್ರಾಂತಿ, ಎತ್ತಿದ ಮೇಲೆ ಏನಾದರೂ ತಿನ್ನಲೇಬೇಕು ಎಂದರು. "ನಿದ್ದಿ ಬಿಟ್ಟ್ರ ನಾ ಇಲ್ಲಿಗೆ ಬರೂದಿಲ್ಲ" ಎಂದೂ ಹೇಳಿದರು.

ಒಂದು ತಿಂಗಳಿಗೆ ನಾನು ಅವಳ ಮೊಣಕಾಲು ಮುಟ್ಟಿದೆ. ಎರಡನೆಯ ತಿಂಗಳಿಗೆ ಸೊಂಟ. ಮೂರನೆಯ ತಿಂಗಳಲ್ಲಿ ಅವಳು ನನ್ನನ್ನು ಹೆಗಲ ಮೇಲೆ ಹೊತ್ತು ಕುಕ್ಕುರುಗಾಲಲ್ಲಿ ಕೂತು ಎದ್ದಳು. ಅಷ್ಟು ಎತ್ತರದಿಂದ ನಾನು ಮೊದಲ ಬಾರಿ ಓಣಿ ನೋಡಿದೆ. ಅವಳ ಬೆರಳ ಬುಡದಲ್ಲಿ ಜಡ್ಡುಗಟ್ಟಿತು. ಹಿಡಿತ ಬಿಗಿಯಾಯಿತು. ಮೊದಲು ನನ್ನನ್ನು ಇಳಿಸುವಾಗ ಧೊಪ್ಪನೆ ಬಿಡುತ್ತಿದ್ದವಳು ಈಗ ಕೂಸನ್ನು ಮಲಗಿಸಿದಂತೆ ಇಳಿಸುತ್ತಿದ್ದಳು. ತೂಕ ನಲವತ್ಮೂರಾಯಿತು, ಒಂದು ತಿಂಗಳು ಅಲ್ಲೇ ನಿಂತಿತು, ಆಮೇಲೆ ನಲವತ್ತೈದು.

ಆದರೆ ಯಂಕವ್ವ ಕಾಯುತ್ತಿದ್ದುದು ಆ ಅಂಕಿಗಳಿಗಲ್ಲ. ಪ್ರತಿ ತಿಂಗಳೂ ಮಗಳ ಮುಖ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಆರನೆಯ ತಿಂಗಳ ಒಂದು ಮುಂಜಾನೆ ಹುಲಿಗೆಮ್ಮ ನನ್ನ ಹತ್ತಿರ ಬಂದು ಬಗ್ಗಿದಳು, ಎತ್ತದೆ ನೆಟ್ಟಗೆ ನಿಂತಳು, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಬಂದು ಅಂಗಳದ ಒಲೆಯ ಮುಂದಿದ್ದ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಯಂಕವ್ವ ಹಿಟ್ಟಿನ ಕೈಯಲ್ಲೇ ಮಗಳನ್ನು ತಬ್ಬಿಕೊಂಡು, "ಬಂತಾ? ಖರೇನ ಬಂತಾ?" ಎಂದು ಮೂರು ಸಲ ಕೇಳಿದಳು. ಕೆಲಸಕ್ಕೆ ಹೊರಟಿದ್ದ ದುರಗಪ್ಪ ಏನಾಯಿತೆಂದು ಕೇಳಿದ. "ನಿಮಗ್ಯಾಕ, ಹೋಗ್ರಿ ಕೆಲಸಕ್ಕ" ಎಂದಳು ಯಂಕವ್ವ, ಅಳುತ್ತ ನಗುತ್ತ. ಅವನಿಗೆ ಅರ್ಥವಾಯಿತು. ಸೈಕಲ್ಲು ಹತ್ತಿ ಓಣಿಯುದ್ದಕ್ಕೂ ಗಂಟೆ ಬಾರಿಸುತ್ತ ಹೋದ.

ಮರುವರ್ಷ ಅವಳು ಮತ್ತೆ ವಿಭಾಗ ಮಟ್ಟಕ್ಕೆ ಓಡಿದಳು. ಮೂರನೆಯವಳಾದಳು. ಮನೆಗೆ ಬಂದು ಮೊದಲು ಹೇಳಿದ್ದು ಪದಕದ ಮಾತಲ್ಲ, "ಕಾಲು ಒಂದೀಟೂ ನೋಯ್ಲಿಲ್ಲವ್ವ" ಎಂದಳು.

ಅವಳು ದೈಹಿಕ ಶಿಕ್ಷಣ ಓದಲು ಧಾರವಾಡಕ್ಕೆ ಹೋದಾಗ ಫರ್ಜಾನಾ ತನ್ನ ಕಬಡ್ಡಿಯಾಡುವ ಮಗಳಿಗೆಂದು ನನ್ನನ್ನು ಒಯ್ದಳು. ಆ ಮಗಳ ಮದುವೆಯಾದ ಮೇಲೆ ಗಾಳಿಗೆ ಬಡಿಯುವ ಬಾಗಿಲಿಗೆ ಅಡ್ಡವಾಗಿ ಎರಡು ವರ್ಷ ಬಿದ್ದಿದ್ದೆ. ಆಮೇಲೆ ಹುಲಿಗೆಮ್ಮ ಯಲಬುರ್ಗಾ ಕಡೆಯ ಹಳ್ಳಿ ಶಾಲೆಯೊಂದಕ್ಕೆ ಟೀಚರಾಗಿ, ನನ್ನನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಹೋದಳು. ಅಲ್ಲಿ ಎಷ್ಟು ಹುಡುಗಿಯರು ನನ್ನನ್ನು ಎತ್ತಿದರೋ ಲೆಕ್ಕವಿಲ್ಲ. ಎತ್ತುವ ಮೊದಲು ಏನು ಉಂಡಿರಿ ಎಂದು ಅವಳು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಉಣ್ಣದವರಿಗೆ ನನ್ನನ್ನು ಮುಟ್ಟಲು ಬಿಡುತ್ತಿರಲಿಲ್ಲ.

ನನಗೂ ವಯಸ್ಸಾಯಿತು. ಡಬ್ಬಿಯ ತಗಡು ತುಕ್ಕು ಹಿಡಿದು ಉದುರಿತು. ಒಂದು ತುದಿ ಬಿರಿಯಿತು. ಯಾರ ಕಾಲಮೇಲಾದರೂ ಬಿದ್ದೀತೆಂದು ಹುಲಿಗೆಮ್ಮ ತಂದೆಯನ್ನು ಕರೆಸಿದಳು. ತಲೆ ಬೆಳ್ಳಗಾಗಿದ್ದ ದುರಗಪ್ಪ ಸುತ್ತಿಗೆಯಿಂದ ನಿಧಾನವಾಗಿ ನನ್ನನ್ನು ಒಡೆದ. ನನ್ನ ಪೈಪನ್ನು ಎರಡು ಕಂಬಗಳ ನಡುವೆ ಕೂರಿಸಿದ, ಹುಡುಗಿಯರು ಜೋತುಬಿದ್ದು ಮೈ ಎಳೆದುಕೊಳ್ಳಲು. ಉಳಿದ ಚೂರುಗಳನ್ನು ಮೈದಾನದ ಓಟದ ದಾರಿಯಲ್ಲಿದ್ದ ಗುಂಡಿಗೆ ಹಾಕಿ, ಮೇಲೆ ಮಣ್ಣೆಳೆದು ದಿಮ್ಮಸು ಹೊಡೆದು ಗಟ್ಟಿ ಮಾಡಿದ.

ಈಗ ನಾನು ಅಲ್ಲಿದ್ದೇನೆ. ಕತ್ತಲೆ ಏನೋ ಹೌದು, ಆದರೆ ಬೇಸರವಿಲ್ಲ. ದಿನವೂ ಸಂಜೆ ಹುಡುಗಿಯರು ನನ್ನ ಮೇಲೆ ಹಾದು ಓಡುತ್ತಾರೆ. ಮುಖ ಕಾಣುವುದಿಲ್ಲ, ಹೆಜ್ಜೆ ಮಾತ್ರ ತಿಳಿಯುತ್ತದೆ. ಶಾಲೆ ಶುರುವಾದ ಹೊಸದರಲ್ಲಿ ಕೆಲವು ಹೆಜ್ಜೆಗಳು ಎಲೆ ಬಿದ್ದಷ್ಟು ಹಗುರ. ಆಗ ನನಗೆ ಚಿಂತೆ ಹತ್ತುತ್ತದೆ. ತಿಂಗಳುಗಳು ಕಳೆದಂತೆ ಅವೇ ಹೆಜ್ಜೆಗಳು ಗಟ್ಟಿಯಾಗಿ ಊರತೊಡಗುತ್ತವೆ, ಮಣ್ಣು ಅದುಮಿಕೊಳ್ಳುತ್ತದೆ, ನನ್ನ ಚೂರುಗಳು ಒಂದಕ್ಕೊಂದು ತಾಗುತ್ತವೆ. ಭಾರವಾದಷ್ಟೂ ನನಗೆ ನೆಮ್ಮದಿ.